ಗುದ್ದಿದ ಗಾಡಿಗೆ ಇನ್ಶೂರೆನ್ಸೇ ಇಲ್ಲ. ಇನ್ನು ದುಡ್ಡು ಕೊಡುವವರು ಯಾರು?

ಬೆಳಂಬಾರ: ಬೆಳಿಗ್ಗೆ ಅಂಕೋಲಾ ಪೇಟೆಗೆ ಹೊರಡುವ ಬಸ್ಸಿಗೆ ಕಾದು ನಿಂತವರಲ್ಲಿ ಮೀನುಬುಟ್ಟಿಯ ಹೆಂಗಸರಿದ್ದಾರೆ, ಕಾಲೇಜಿನ ಹುಡುಗರಿದ್ದಾರೆ, ಆಸ್ಪತ್ರೆಗೆ ಹೊರಟ ಮುದುಕರಿದ್ದಾರೆ. ಅವರ ಕಾಲ ಬುಡದಲ್ಲೇ ಸುಂಯ್ ಎಂದು ಬೈಕುಗಳು ಹೋಗುತ್ತವೆ. ಪಾರ್ಶ್ವವಾಯುವಿನ ನಾಟಿ ಔಷಧಿಗೆ ಹೆಸರಾದ ಊರು ಇದು. ಹಾಗಾಗಿ ದೂರದ ಜಿಲ್ಲೆಗಳ ಕಾರು, ಜೀಪುಗಳೂ ಬರುತ್ತವೆ. ಯಾವ ಗಾಡಿಗೆ ವಿಮೆ ಇದೆ, ಯಾವುದಕ್ಕೆ ಇಲ್ಲ ಎಂದು ಗಾಡಿಯ ಮುಖ ನೋಡಿ ಹೇಳಲು ಬರುವುದಿಲ್ಲ. ಅದು ಗೊತ್ತಾಗುವುದು ಗುದ್ದಿದ ಮೇಲೆ.

ಒಂದು ಸಂಗತಿ ಇಟ್ಟುಕೊಳ್ಳಿ. ಇದು ಇಂಥವರದೇ ಕತೆ ಎಂದಲ್ಲ, ಯಾರ ಮನೆಯಲ್ಲೂ ಆಗಬಹುದಾದದ್ದು. ಮೀನು ಮಾರುವ ಒಬ್ಬ ಹೆಂಗಸು ಬಸ್ಸು ಇಳಿದು ರಸ್ತೆ ದಾಟುತ್ತಾಳೆ. ಬೈಕು ಬಂದು ಬಡಿಯುತ್ತದೆ. ತೊಡೆಯ ಮೂಳೆ ಮುರಿಯುತ್ತದೆ. ಜನ ಸೇರುತ್ತಾರೆ, ಹುಡುಗನನ್ನು ಹಿಡಿಯುತ್ತಾರೆ. ಬೈಕು ಮೂರನೇ ಕೈಯದು. ಕಾಗದದಲ್ಲಿ ಇನ್ನೂ ಮೊದಲಿನವನ ಹೆಸರೇ ಇದೆ. ವಿಮೆ ಮುಗಿದು ಎರಡು ವರ್ಷ. ಹುಡುಗ ಕೈ ಮುಗಿದು ಹೇಳುತ್ತಾನೆ, "ಎಂತ ಮಾಡೂದು ಅಕ್ಕಾ, ಕಟ್ಟೂಕೆ ಮರ್ತೇ ಹೋಯ್ತು."

ಅವನು ಮರೆತ ಆ ಕಂತು ಎಷ್ಟು? 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ 75ರಿಂದ 150 ಸಿಸಿ ಒಳಗಿನ ಬೈಕಿಗೆ ಮೂರನೆಯವರ ವಿಮೆ ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ದಿನದ ಲೆಕ್ಕ ಹಿಡಿದರೆ ಎರಡು ರೂಪಾಯಿಗೂ ಕಡಿಮೆ. ಒಂದು ಚಾ ಕುಡಿದ ದುಡ್ಡಿನಲ್ಲಿ ನಾಲ್ಕೈದು ದಿನದ ವಿಮೆ ಆಗುತ್ತಿತ್ತು. ಅದನ್ನು ಉಳಿಸಿದವನಿಗೆ ಈಗ ಲಕ್ಷದ ಮಾತು ಬಂದು ಕೂತಿದೆ. ಅವನ ಪಾಡು ಅವನಿಗಿರಲಿ. ಮೂಳೆ ಮುರಿದುಕೊಂಡವಳ ಗತಿ ಏನು?

ಮೂರನೆಯವರು ಅಂದರೆ ಯಾರು?

ಪೇಟೆಯಲ್ಲಿ ಹತ್ತು ಜನರನ್ನು ಕೇಳಿದರೆ ಎಂಟು ಜನ "ಥರ್ಡ್ ಪಾರ್ಟಿ ಇದೆ ಮಾರಾಯಾ, ಫುಲ್ ಇನ್ಶೂರೆನ್ಸು" ಎನ್ನುತ್ತಾರೆ. ಥರ್ಡ್ ಪಾರ್ಟಿ ಎಂದರೆ ಫುಲ್ ಅಲ್ಲ. ವಿಮಾ ಕಂಪನಿ ಮೊದಲನೆಯವರು, ಗಾಡಿಯ ಮಾಲೀಕ ಎರಡನೆಯವರು. ಆ ಗಾಡಿಯಿಂದ ಪೆಟ್ಟು ತಿಂದ ದಾರಿಹೋಕ, ಎದುರಿನ ಸೈಕಲಿನವ, ಇನ್ನೊಂದು ಗಾಡಿಯವ, ಇವರು ಮೂರನೆಯವರು. ಇವರ ಸಾವುನೋವಿಗೆ ಮಾಲೀಕ ಕೊಡಬೇಕಾದ ಪರಿಹಾರವನ್ನು ಅವನ ಬದಲು ಕಂಪನಿ ಕೊಡುವುದೇ ಈ ವಿಮೆ. ಗಾಡಿ ಜಖಂ ಆದರೆ ಇದರಿಂದ ಒಂದು ಪೈಸೆ ಹುಟ್ಟುವುದಿಲ್ಲ. ಮಾಲೀಕನೇ ಬಿದ್ದು ಕೈ ಮುರಿದುಕೊಂಡರೂ ಇಲ್ಲ.

ಈ ಕಾನೂನು ನಿನ್ನೆ ಮೊನ್ನೆಯದಲ್ಲ. 1939ರ ಮೋಟಾರು ವಾಹನ ಕಾಯಿದೆಯಲ್ಲೇ ಇದು ಇತ್ತು. ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಕಾರವಾರ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದ ಕಾಲ ಅದು. ಈಗಿನ 1988ರ ಕಾಯಿದೆಯ 146ನೇ ಕಲಮು ಅದನ್ನೇ ಹೇಳುತ್ತದೆ: ವಿಮೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಗಾಡಿ ಓಡಿಸಬಾರದು, ಇನ್ನೊಬ್ಬರಿಗೆ ಓಡಿಸಲು ಕೊಡಲೂಬಾರದು. ತಪ್ಪಿದರೆ 196ನೇ ಕಲಮಿನ ಪ್ರಕಾರ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳ ತನಕ ಸಜೆ, ಇಲ್ಲವೆ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ಕಾನೂನು ಇಷ್ಟು ಹಳೆಯದಾದರೂ ರಸ್ತೆಯ ಲೆಕ್ಕ ಬೇರೆಯೇ ಇದೆ. 2018ರ ಸುಮಾರಿಗೆ ದೇಶದ ವಿಮಾ ಮಾಹಿತಿ ಸಂಸ್ಥೆ ಹಾಕಿದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಡಿಗಳು ವಿಮೆ ಇಲ್ಲದವು. ಅವುಗಳಲ್ಲಿ ದೊಡ್ಡ ಪಾಲು ದ್ವಿಚಕ್ರದ್ದು. ಹೊಸ ಬೈಕು ಕೊಳ್ಳುವಾಗ ಶೋರೂಮಿನವ ಕಟ್ಟಿಸಿದ್ದೇ ಕಡೆ, ಆಮೇಲೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಇದನ್ನು ನೋಡಿಯೇ ಸುಪ್ರೀಂ ಕೋರ್ಟು 2018ರ ಜುಲೈಯಲ್ಲಿ ಆದೇಶ ಮಾಡಿತು. ಅದರ ಪ್ರಕಾರ ಆ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರಕ್ಕೆ ಒಂದೇ ಸಲ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಮೂರನೆಯವರ ವಿಮೆ ಕಡ್ಡಾಯ. ಒಳ್ಳೆಯದೇ ಆಯಿತು. ಆದರೆ ಐದು ವರ್ಷ ಮುಗಿದ ಮಾರನೇ ದಿನ? ಅಷ್ಟರಲ್ಲಿ ಬೈಕು ಎರಡು ಕೈ ದಾಟಿರುತ್ತದೆ. ಯಾರು ಕಟ್ಟಬೇಕು ಎಂಬುದೇ ಯಾರಿಗೂ ನೆನಪಿರುವುದಿಲ್ಲ.

ಬಸ್ಸಿಗೂ ವಿಮೆ ಇಲ್ಲವಂತೆ, ಹೌದೋ?

ಬಸ್ಸಿನಲ್ಲಿ ಕೂತ ಕೆಲವರು ಕೇಳುವ ಮಾತು ಇದು. ಸರ್ಕಾರಿ ಸಾರಿಗೆ ಸಂಸ್ಥೆಯ ಬಸ್ಸಿಗೆ ವಿಮಾ ಪಾಲಿಸಿ ಇಲ್ಲದೇ ಇರಬಹುದು. ಅದು ಕಳ್ಳತನವಲ್ಲ. ರಾಜ್ಯ ಸಾರಿಗೆ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅದೇ 146ನೇ ಕಲಮಿನಲ್ಲಿ ದಾರಿ ಇದೆ. ಆದರೆ ಸಂಸ್ಥೆ ತನ್ನದೇ ನಿಧಿ ಇಟ್ಟು, ಪರಿಹಾರದ ಹಣವನ್ನು ಅದರಿಂದ ಕೊಡಬೇಕು. ಹಾಗಾಗಿ ಕೆಂಪು ಬಸ್ಸು ಗುದ್ದಿದರೆ ದುಡ್ಡು ಕೊಡುವವರಿದ್ದಾರೆ, ವಿಳಾಸವೂ ಇದೆ. ತೊಂದರೆ ಇರುವುದು ವಿಳಾಸವೂ ಇಲ್ಲದ, ದುಡ್ಡೂ ಇಲ್ಲದ ಗಾಡಿಗಳದ್ದು.

ಬೇರೆ ದೇಶದಲ್ಲಿ ಹೇಗೆ?

ಅಮೆರಿಕದಲ್ಲಿ ಇದಕ್ಕೆಂದೇ ಬೇರೆ ವಿಮೆ ಇದೆ. "ನನಗೆ ಗುದ್ದಿದವನ ಹತ್ತಿರ ವಿಮೆ ಇಲ್ಲದಿದ್ದರೆ, ಇದ್ದದ್ದು ಸಾಲದಿದ್ದರೆ, ನನ್ನ ಕಂಪನಿಯೇ ನನಗೆ ಕೊಡಲಿ" ಎಂದು ಗಾಡಿಯವನು ತನ್ನ ಪಾಲಿಸಿಯಲ್ಲೇ ಸೇರಿಸಿಕೊಳ್ಳುತ್ತಾನೆ. ಅಲ್ಲಿನ ನ್ಯೂ ಹ್ಯಾಂಪ್‌ಷೈರ್ ರಾಜ್ಯ 1957ರಲ್ಲೇ ಇದಕ್ಕೆ ಕಾನೂನು ಮಾಡಿತು. ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ 1946ರಲ್ಲಿ ವಿಮಾ ಕಂಪನಿಗಳೆಲ್ಲ ಕೂಡಿ ಒಂದು ಮಂಡಳಿ ಕಟ್ಟಿಕೊಂಡವು. ವಿಮೆ ಇಲ್ಲದವ ಗುದ್ದಿದರೆ ಆ ಮಂಡಳಿ ಕೊಡುತ್ತದೆ. ಆ ಖರ್ಚು ಕಡೆಗೆ ಬೀಳುವುದು ಸರಿಯಾಗಿ ವಿಮೆ ಕಟ್ಟುವವರ ಕಂತಿನ ಮೇಲೆಯೇ.

ನಮ್ಮಲ್ಲಿ ಇವೆರಡೂ ಆ ರೂಪದಲ್ಲಿಲ್ಲ. ಸಾಲದ ವಿಮೆ ಎಂಬುದರ ಅರ್ಥವೂ ನಮ್ಮಲ್ಲಿ ಬೇರೆ. ಅಮೆರಿಕದಲ್ಲಿ ಪಾಲಿಸಿಗೆ ಇಷ್ಟು ಸಾವಿರ ಡಾಲರು ಎಂದು ಮಿತಿ ಇರುತ್ತದೆ. ನಮ್ಮಲ್ಲಿ ಮೂರನೆಯವರ ಸಾವಿಗೆ, ಗಾಯಕ್ಕೆ ಮಿತಿಯೇ ಇಲ್ಲ. ನ್ಯಾಯಮಂಡಳಿ ಎಷ್ಟು ಹೇಳಿತೋ ಅಷ್ಟನ್ನು ಕಂಪನಿ ಕೊಡಬೇಕು. ಆಸ್ತಿಪಾಸ್ತಿಯ ನಷ್ಟಕ್ಕೆ ಮಾತ್ರ ಸಾಮಾನ್ಯವಾಗಿ 7.5 ಲಕ್ಷದ ಮಿತಿ. ಹೀಗಾಗಿ ನಮ್ಮ ಕಡೆ ಸಾಲದ ವಿಮೆ ಎಂದರೆ ಹಣ ಸಾಲದ್ದಲ್ಲ, ಜನ ಸೇರದ್ದು. ಆ ಪಾಲಿಸಿಯೊಳಗೆ ನಾವು ಬರುತ್ತೇವೋ ಇಲ್ಲವೋ ಎಂಬುದೇ ಪ್ರಶ್ನೆ.

ಒಳಗೆ ಬಾರದವರು ಮೂವರು

ಮೊದಲನೆಯವರು ಬೈಕಿನ ಹಿಂದೆ ಕೂತವರು. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂದೆ ಪುಕ್ಕಟೆ ಕೂತು ಬಂದವರಿಗೆ ಕಂಪನಿ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಗಂಡ ಓಡಿಸುವ ಬೈಕಿನ ಹಿಂದೆ ಹೆಂಡತಿ, ಹೆಂಡತಿಯ ಮಡಿಲಲ್ಲಿ ಕೂಸು. ನಮ್ಮ ರಸ್ತೆಯಲ್ಲಿ ಇದು ದಿನದ ನೋಟ. ಬೈಕು ತಾನಾಗಿ ಜಾರಿ ಬಿದ್ದರೆ ಆ ಪಾಲಿಸಿ ಇವರಿಬ್ಬರ ಕಡೆ ನೋಡುವುದಿಲ್ಲ. ಪ್ಯಾಕೇಜ್ ಪಾಲಿಸಿ, ಅಂದರೆ ಜನ ಫುಲ್ ಎನ್ನುವ ಪಾಲಿಸಿ ಇದ್ದರೆ ಹಿಂದೆ ಕೂತವರೂ ಸೇರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸ್ಪಷ್ಟ ಮಾಡಿದೆ.

ಎರಡನೆಯವರು ಎರವಲು ಗಾಡಿಯವರು. ಇದಕ್ಕೆ ನಮ್ಮ ಕರ್ನಾಟಕದ್ದೇ ಪ್ರಕರಣವಿದೆ. ಬಾಗಲಕೋಟೆ ಕಡೆಯ ಒಬ್ಬಾತ ಇನ್ನೊಬ್ಬರ ಬೈಕು ಕೇಳಿ ತೆಗೆದುಕೊಂಡು ಇಳಕಲ್ಲಿನಿಂದ ಗುಡೂರಿಗೆ ಹೊರಟಿದ್ದ. ಮುಂದೆ ಎತ್ತಿನ ಗಾಡಿ ಹೋಗುತ್ತಿತ್ತು. ಅದಕ್ಕೆ ಬಡಿದು ಸತ್ತ. ಹೆಂಡತಿ ಮಕ್ಕಳು ಬೈಕಿನ ವಿಮಾ ಕಂಪನಿಯನ್ನು ಕೇಳಿದರು. ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 2009ರ ಮೇ ತಿಂಗಳಲ್ಲಿ ಕೋರ್ಟು ಹೇಳಿದ್ದೇನು? ಗಾಡಿ ಎರವಲು ತಂದವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ. ಆದ್ದರಿಂದ ಅವನು ಮೂರನೆಯವನಲ್ಲ. ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಆಗಿನ 163ಎ ಕಲಮಿನಲ್ಲಿ ಅವನ ಮನೆಯವರಿಗೆ ಪರಿಹಾರ ಇಲ್ಲ. ಬೇರೆ ಕಲಮಿನಲ್ಲಿ ಏನಾದರೂ ಸಿಗುತ್ತದೋ ನೋಡಿ ಎಂದು ಹೈಕೋರ್ಟಿಗೆ ವಾಪಸು ಕಳಿಸಿತು. "ಒಂದ್ ಗಳಿಗೆ ಬೈಕ್ ಕೊಡೋ" ಎನ್ನುವವರೂ, ಕೂಡಲೇ ಕೀ ಎಸೆಯುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಮೂರನೆಯವರು ಲಾರಿ, ಟೆಂಪೋ ಹತ್ತುವವರು. ಘಟ್ಟದ ಮೇಲಿನಿಂದ ಸಂತೆಗೆ ಬರುವವರು, ದಕ್ಕೆಯಿಂದ ಮೀನಿನ ಟೆಂಪೋ ಹಿಡಿಯುವವರು, ದಿಬ್ಬಣದವರು. 2002ರಲ್ಲಿ ಸುಪ್ರೀಂ ಕೋರ್ಟು ಸರಕಿನ ಗಾಡಿಯಲ್ಲಿ ಪುಕ್ಕಟೆ ಬರುವವರಿಗೆ ಕಂಪನಿ ಹೊಣೆಯಲ್ಲ ಎಂದು ತೀರ್ಮಾನ ಕೊಟ್ಟಿತು. ಸರಕಿನ ಮಾಲೀಕನೋ ಅವನ ಕಡೆಯವನೋ ತನ್ನ ಸರಕಿನ ಜೊತೆ ಬರುತ್ತಿದ್ದರೆ ಮಾತ್ರ ಕಾಯಿದೆಯಲ್ಲಿ ಅವನಿಗೆ ಜಾಗ ಇದೆ. ಅದರಲ್ಲೂ ಕ್ಯಾಬಿನ್ ಬಿಟ್ಟು ಮೂಟೆಯ ಮೇಲೆ ಕೂತಿದ್ದರೆ ಕಂಪನಿಯ ವಕೀಲರು ತಕರಾರು ತೆಗೆಯದೆ ಇರುವುದಿಲ್ಲ.

2025ರ ಜನವರಿ 22ರ ಬೆಳಗಿನ ಜಾವ ಯಾರೂ ಮರೆತಿಲ್ಲ. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೇರಿಕೊಂಡು ಬರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಉರುಳಿ ಬಿತ್ತು. ಸಂತೆಯಲ್ಲಿ ಅಂಗಡಿ ಹಾಕಬೇಕಾಗಿದ್ದ ಹತ್ತು ಜನ ಸತ್ತರು. ಅವರು ಮೋಜಿಗೆ ಲಾರಿ ಹತ್ತಿದವರಲ್ಲ. ಸರಕು ಬಿಟ್ಟು ಬಸ್ಸಿನಲ್ಲಿ ಬರಲಾಗದೆ ಹತ್ತಿದವರು. ಇಂಥವರು ಸಂತೆ ಸಂತೆಗೂ ಘಟ್ಟ ಇಳಿಯುತ್ತಾರೆ. ಹತ್ತುವ ಮೊದಲು ಎರಡು ಮಾತು ಕೇಳಿಕೊಂಡರೆ ನಷ್ಟವಿಲ್ಲ: ಗಾಡಿಗೆ ವಿಮೆ ಇದೆಯೋ? ಮಾಲು ತನ್ನದೇ ಎನ್ನಲು ಚೀಟಿ ಇದೆಯೋ?

ಚೆಕ್ಕು ಬೌನ್ಸಾದರೆ, ಗಾಡಿ ಮಾರಿದರೆ

ಅಂಗಡಿಯವರು, ಟೆಂಪೋ ಇಟ್ಟವರು ಗಮನಿಸಬೇಕಾದ ಎರಡು ಸಂಗತಿಗಳಿವೆ.

ಒಂದು, ವಿಮೆಯ ಕಂತಿಗೆ ಕೊಟ್ಟ ಚೆಕ್ಕು ವಾಪಸು ಬಂದರೆ ಕೈಯಲ್ಲಿರುವ ಪಾಲಿಸಿ ಬರೀ ಕಾಗದ ಆಗಿಬಿಡಬಹುದು. ಇದೂ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣ, ತೀರ್ಪು 2007ರ ಡಿಸೆಂಬರಿನದು. ಚೆಕ್ಕು ಬೌನ್ಸಾಗಿತ್ತು. ಕಂಪನಿ ಪಾಲಿಸಿ ರದ್ದು ಮಾಡಿ ಮಾಲೀಕನಿಗೂ ಸಾರಿಗೆ ಕಚೇರಿಗೂ ತಿಳಿಸಿತ್ತು. ಅಪಘಾತ ಆದದ್ದು ಅದರ ಮೇಲೆ. ಕಂಪನಿ ಹೊಣೆಯಲ್ಲ ಎಂದಿತು ಕೋರ್ಟು. ಆದರೂ ನೊಂದವರ ಸ್ಥಿತಿ ನೋಡಿ ತನ್ನ ವಿಶೇಷ ಅಧಿಕಾರ ಬಳಸಿತು. ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಹೇಳಿತು. ಎಲ್ಲ ಪ್ರಕರಣದಲ್ಲೂ ಅಂಥ ದಯೆ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ರದ್ದು ಮಾಡಿದ್ದು ಅಪಘಾತದ ನಂತರ ಆದರೆ ಕಂಪನಿ ಮೂರನೆಯವರಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಹಳೇ ಬೈಕು ಮಾರಿ ದುಡ್ಡು ಎಣಿಸಿಕೊಂಡು, ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಕೈ ತೊಳೆದುಕೊಳ್ಳುವ ರೂಢಿ ಇದೆಯಲ್ಲ, ಅದು ಅಪಾಯ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದೆ: ಸಾರಿಗೆ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ. ಗಾಡಿ ನಾಲ್ಕು ಕೈ ದಾಟಿದ್ದರೂ ಪರಿಹಾರ ಕೊಡಬೇಕಾದವನು ಅವನೇ.

ಈಗ ಮೊದಲಿನ ಬೈಕಿಗೆ ಬನ್ನಿ. ಕಾಗದದಲ್ಲಿ ಯಾರ ಹೆಸರಿತ್ತು? ಎಲ್ಲೋ ಅಂಗಡಿಯಲ್ಲಿ ಕೂತು ತನ್ನ ಪಾಡಿಗೆ ತಾನು ವ್ಯಾಪಾರ ಮಾಡುತ್ತಿರುವ ಮೊದಲ ಮಾಲೀಕನದು. ನೋಟೀಸು ಹೋಗುವುದು ಅವನ ಅಂಗಡಿ ಬಾಗಿಲಿಗೆ. "ನಾನು ಮಾರಿ ನಾಕು ವರ್ಷ ಆಯ್ತಲ್ರೀ" ಎಂದರೆ ಕೇಳುವವರಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಕಾರವಾರದ ಸಾರಿಗೆ ಕಚೇರಿಯಲ್ಲಿ ಹೆಸರು ಬದಲಿಸಿದ್ದರೆ ಅವನು ಇದರಲ್ಲಿ ಸಿಕ್ಕಿಬೀಳುತ್ತಿರಲಿಲ್ಲ. ಕೊಂಡವನೂ ಹದಿನಾಲ್ಕು ದಿನದೊಳಗೆ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಲು ಕಂಪನಿಗೆ ಅರ್ಜಿ ಕೊಡಬೇಕು.

ಹಾಗಾದರೆ ಅವಳಿಗೆ ಏನು ದಾರಿ?

ಮೂಳೆ ಮುರಿದವಳನ್ನು ಮರೆಯುವಂತಿಲ್ಲ. ಅಲ್ಲೇ ರಸ್ತೆಯ ಬದಿಯಲ್ಲಿ ಪಂಚಾಯ್ತಿ ಶುರುವಾಗಿರುತ್ತದೆ. ಹುಡುಗನ ಕಡೆಯ ಹಿರಿಯರೊಬ್ಬರು ಬಂದು, "ಹತ್ತು ಸಾವಿರ ಕೊಡ್ತೇವೆ, ಪೊಲೀಸು ಗಿಲೀಸು ಬೇಡ, ಬಡ ಹುಡುಗ" ಎನ್ನುತ್ತಾರೆ. ನೋವಿನಲ್ಲಿದ್ದವಳು ಹೂಂ ಎನ್ನುತ್ತಾಳೆ. ಅರ್ಧ ಕೇಸು ಅಲ್ಲೇ ಸತ್ತಂತೆ. ಠಾಣೆಯಲ್ಲಿ ದಾಖಲಾಗದ ಅಪಘಾತವನ್ನು ಮುಂದೆ ನ್ಯಾಯಮಂಡಳಿಯ ಎದುರು ರುಜುವಾತು ಮಾಡುವುದು ಬಲು ಕಷ್ಟ. ತೊಡೆಯ ಮೂಳೆಗೆ ರಾಡು ಹಾಕಿ, ತಿಂಗಳುಗಟ್ಟಲೆ ಮನೆಯಲ್ಲಿ ಕೂತು, ದಿನದ ದುಡಿಮೆ ಹೋಗಿ, ಆಮೇಲೆ ಹತ್ತು ಸಾವಿರ ಯಾವ ಮೂಲೆಗೆ?

ಇನ್ನು ಕೆಲವು ಜಾಣರು ಬೇರೆ ಉಪಾಯ ಹೇಳಿಕೊಡುತ್ತಾರೆ. ವಿಮೆ ಇದ್ದ ಇನ್ಯಾವುದೋ ಬೈಕಿನ ನಂಬರು ಕೊಟ್ಟುಬಿಡಿ, ಕಂಪನಿ ಕೊಡುತ್ತದೆ ಎಂದು. ಅದು ಮೋಸ. ಸಿಕ್ಕಿಬಿದ್ದರೆ ಖರೇ ಪೆಟ್ಟು ತಿಂದವಳ ಖರೇ ಅರ್ಜಿಯೂ ಬಿದ್ದುಹೋಗುತ್ತದೆ, ಮೇಲಿಂದ ಕ್ರಿಮಿನಲ್ ಕೇಸು.

ಸರಿಯಾದ ದಾರಿ ಹೀಗಿದೆ.

ಮೊದಲು ಚಿಕಿತ್ಸೆ. ತಲೆಗೋ ಮೂಳೆಗೋ ಜೋರು ಪೆಟ್ಟಾದರೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೆ ಗೋವಾದ ಬಾಂಬೋಳಿ ದಾರಿ ಹಿಡಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅಂಬುಲೆನ್ಸಿಗೇ ಸಾವಿರಗಟ್ಟಲೆ. 2025ರ ಮೇ 5ರಂದು ಕೇಂದ್ರ ಸರ್ಕಾರ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆಯ ಪ್ರಕಾರ, ಮೋಟಾರು ವಾಹನದಿಂದ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗಬೇಕು. ಅವಧಿ ಅಪಘಾತದ ದಿನದಿಂದ ಏಳು ದಿನ. ಗುದ್ದಿದ ಗಾಡಿಗೆ ವಿಮೆ ಇದೆಯೋ ಇಲ್ಲವೋ ಎಂದು ನೋಡಿ ಕೊಡುವ ಯೋಜನೆ ಅಲ್ಲ ಇದು. ದಾಖಲಾಗುವಾಗಲೇ "ಇದು ರಸ್ತೆ ಅಪಘಾತ" ಎಂದು ಹೇಳಿ ಬರೆಸಬೇಕು. ಬಿದ್ದು ಪೆಟ್ಟಾಯಿತು ಎಂದು ಬರೆಸಿದರೆ ಮುಂದೆ ಅದೇ ಮುಳುವು.

ಎರಡನೆಯದು ಪೊಲೀಸು. ದೂರು ದಾಖಲಾಗಬೇಕು, ಗಾಡಿ ಜಪ್ತಿ ಆಗಬೇಕು, ಪಂಚನಾಮೆ ಆಗಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಲ್ಲಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪೊಲೀಸರು ನ್ಯಾಯಮಂಡಳಿಗೆ ಕಳಿಸಬೇಕು.

ಮೂರನೆಯದು, ಬಹಳ ಜನಕ್ಕೆ ತಿಳಿಯದ ಸಂಗತಿ. ವಿಮೆ ಇಲ್ಲದ ಗಾಡಿ ಠಾಣೆಯ ಅಂಗಳದಿಂದ ಸಲೀಸಾಗಿ ಹೊರಗೆ ಹೋಗಕೂಡದು. 2018ರ ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಸೂಚನೆ ಕೊಟ್ಟಿತು. ದೆಹಲಿಯಲ್ಲಿದ್ದ ನಿಯಮದ ಮಾದರಿಯಲ್ಲಿ ನಿಯಮ ಮಾಡಿ ಎಂದಿತು. ಕರ್ನಾಟಕದಲ್ಲೂ ಅಂಥ ನಿಯಮ ಬಂದಿದೆ. ಮಾಲೀಕ ಪರಿಹಾರಕ್ಕೆ ಸಾಕಾಗುವಷ್ಟು ಜಾಮೀನು ಕೊಟ್ಟರೆ ಮಾತ್ರ ಗಾಡಿ ಬಿಡಬೇಕು. ಇಲ್ಲದಿದ್ದರೆ ಮೂರು ತಿಂಗಳ ಮೇಲೆ ಹರಾಜು ಹಾಕಿ, ಬಂದ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು. ಮೂರನೇ ಕೈಯ ಬೈಕು ಹರಾಜಾದರೆ ಹೆಚ್ಚೆಂದರೆ ಹತ್ತಿಪ್ಪತ್ತು ಸಾವಿರ ಬಂದೀತು, ನಿಜ. ಆದರೆ ಲಾರಿಯೋ ಕಾರೋ ಆದರೆ ಲಕ್ಷದ ಮಾತು. ಜಾಮೀನು ಕೊಡದೆ ಗಾಡಿ ಬಿಡಿಸಿಕೊಂಡು ಹೋಗಲು ಅರ್ಜಿ ಬಂದಾಗ ನೊಂದವರ ಕಡೆಯವರು ಎದ್ದುನಿಂತು ಆಕ್ಷೇಪ ಹೇಳಬೇಕು. ಸುಮ್ಮನಿದ್ದರೆ ಗಾಡಿ ಹೋಗುತ್ತದೆ, ಅದರ ಹಿಂದೆ ಪರಿಹಾರವೂ ಹೋಗುತ್ತದೆ.

ನಾಲ್ಕನೆಯದು ಅರ್ಜಿ. ಕಾಯಿದೆಯ 166ನೇ ಕಲಮಿನಲ್ಲಿ ಚಾಲಕನ ತಪ್ಪು ತೋರಿಸಿ ಪೂರ್ತಿ ಪರಿಹಾರ ಕೇಳಬಹುದು. ತಪ್ಪು ಯಾರದೆಂಬ ಗೋಜಿಲ್ಲದೆ 164ನೇ ಕಲಮಿನಲ್ಲಿ ಕೇಳಿದರೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಎಂದು ನಿಗದಿಯಾಗಿದೆ. ವಿಮೆ ಇಲ್ಲದಿದ್ದರೆ ಇದನ್ನು ಕೊಡಬೇಕಾದವನು ಮಾಲೀಕನೇ. ಒಂದರ ಹಣ ಒಪ್ಪಿ ತೆಗೆದುಕೊಂಡರೆ ಇನ್ನೊಂದರ ಬಾಗಿಲು ಮುಚ್ಚುತ್ತದೆ. ಆದ್ದರಿಂದ ವಕೀಲರನ್ನು ಕೇಳಿ ಹೆಜ್ಜೆ ಇಡಬೇಕು. ಗುದ್ದಿದ ಗಾಡಿ ಗೋವಾದ್ದೋ ಗದಗದ್ದೋ ಆದರೂ ಅಲ್ಲಿಗೆ ಅಲೆಯಬೇಕಾಗಿಲ್ಲ. ಅಪಘಾತ ಆದ ಊರು, ಇಲ್ಲವೆ ಅರ್ಜಿದಾರರು ಇರುವ ಊರು ಯಾವ ನ್ಯಾಯಮಂಡಳಿಗೆ ಸೇರುತ್ತದೋ ಅಲ್ಲೇ ಹಾಕಬಹುದು. ಬೆಳಂಬಾರದವರು ಪಣಜಿಗೆ ಹೋಗಬೇಕಿಲ್ಲ.

ಅರ್ಜಿಗೆ ಗಡುವು ಆರು ತಿಂಗಳು. 2022ರ ಏಪ್ರಿಲ್ 1ರಿಂದ ಇದು ಮತ್ತೆ ಬಂದಿದೆ. ಈ ಗಡುವನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ ಎಂಬುದು ನಿಜ. ಆದರೆ ಅದನ್ನು ನಂಬಿ ಕಾಲ ಕಳೆಯುವುದು ಜಾಣತನವಲ್ಲ. ಪ್ಲಾಸ್ಟರು ಬಿಚ್ಚಿದ ಮೇಲೆ ನೋಡೋಣ ಎಂದು ಕೂತರೆ ಮಳೆಗಾಲ ಹೋಗಿ ಬಂಡಿಹಬ್ಬ ಬಂದಿರುತ್ತದೆ.

ಗೆದ್ದರೂ ದುಡ್ಡು ಬಂದೀತೇ?

ಇದೇ ಮುಖ್ಯ ಪ್ರಶ್ನೆ. ವಿಮೆ ಇದ್ದು, ಚಾಲಕನಿಗೆ ಲೈಸೆನ್ಸ್ ಇರಲಿಲ್ಲ ಎಂಬಂಥ ತಕರಾರಾದರೆ ದಾರಿ ಇದೆ. ಮೊದಲು ಕಂಪನಿ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎನ್ನುವ ಪದ್ಧತಿಯನ್ನು ಸುಪ್ರೀಂ ಕೋರ್ಟು 2004ರಲ್ಲಿ ಗಟ್ಟಿ ಮಾಡಿದೆ. ಆದರೆ ಪಾಲಿಸಿಯೇ ಇಲ್ಲದಿದ್ದರೆ ಕಂಪನಿ ಎಲ್ಲಿಂದ ಬರಬೇಕು? ಆಗ ಉಳಿಯುವುದು ಚಾಲಕ ಮತ್ತು ಮಾಲೀಕ, ಅವರ ಮನೆ, ಅವರ ಜಮೀನು.

174ನೇ ಕಲಮಿನಲ್ಲಿ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಬಹುದು. ಜಿಲ್ಲಾಧಿಕಾರಿ ಅದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬೇಕು. ಇದ್ದವನಾದರೆ ಇದಕ್ಕೆ ಹೆದರುತ್ತಾನೆ. ಏನೂ ಇಲ್ಲದವನಾದರೆ? ತೀರ್ಪಿನ ಪ್ರತಿ ಕೈಯಲ್ಲಿ, ಕೋಲು ಕಂಕುಳಲ್ಲಿ. ವಿಮೆ ಇಲ್ಲದ ಗಾಡಿಯ ಖರೇ ಕೇಡು ಇದು. ದಂಡದ 2,000 ರೂಪಾಯಿ ಇದರ ಮುಂದೆ ಏನೇನೂ ಅಲ್ಲ.

ಇಲ್ಲೊಂದು ವಿಚಿತ್ರವೂ ಇದೆ. ಗುದ್ದಿ ಓಡಿಹೋದ ಗಾಡಿ ಯಾವುದೆಂದು ಪತ್ತೆಯೇ ಆಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. 2022ರ ಏಪ್ರಿಲ್ 1ರಿಂದ ಈ ದರ. 1982ರಲ್ಲಿ ಮೊದಲು ಈ ನಿಧಿ ಮಾಡಿದಾಗ ಸಾವಿಗೆ ಇದ್ದದ್ದು 5,000. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ ಇಲ್ಲವೆ ತಹಶೀಲ್ದಾರರಿಗೆ. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ ಇಂಥದೊಂದು ಯೋಜನೆ ಇದೆ ಎಂದು ಪೊಲೀಸರೇ ನೊಂದವರಿಗೆ ಬರೆದು ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಟ್ಟಿದೆ. ಆದರೆ ಗಾಡಿ ಸಿಕ್ಕಿ, ವಿಮೆ ಇಲ್ಲವೆಂದಾದರೆ ಈ ಹಣ ಇಲ್ಲ. ಓಡಿಹೋದವನ ಬದಲು ಸರ್ಕಾರ ಕೊಡುತ್ತದೆ, ನಿಂತವನ ಬದಲು ಯಾರೂ ಕೊಡುವುದಿಲ್ಲ. ಕಾನೂನು ಮಾಡುವವರು ಈ ಕಡೆ ಒಮ್ಮೆ ನೋಡಬೇಕು.

ನಮ್ಮ ಕೈಯಲ್ಲಿರುವುದು

ಎದುರಿನವನ ವಿಮೆ ನಮ್ಮ ಕೈಯಲ್ಲಿಲ್ಲ. ನಮ್ಮದು ಇದೆ. ಸ್ವಂತ ಗಾಡಿ ಇದ್ದವರು ಮಾಲೀಕ–ಚಾಲಕನ ವೈಯಕ್ತಿಕ ಅಪಘಾತ ವಿಮೆ ಮಾಡಿಸಿದ್ದಾರೋ ಎಂದು ಪಾಲಿಸಿ ತೆಗೆದು ನೋಡಲಿ. 2018ರಲ್ಲಿ ಇದರ ಮೊತ್ತ 15 ಲಕ್ಷಕ್ಕೆ ಏರಿತು. ಎದುರಿನವನಿಗೆ ವಿಮೆ ಇರಲಿ ಇಲ್ಲದಿರಲಿ, ಮಾಲೀಕನೇ ಓಡಿಸುವಾಗ ಸತ್ತರೆ ಇಲ್ಲವೆ ಶಾಶ್ವತ ಅಂಗವಿಕಲನಾದರೆ ಇದು ಬರುತ್ತದೆ. ಆದರೆ ಲೈಸೆನ್ಸು ಚಾಲ್ತಿಯಲ್ಲಿರಬೇಕು. ಪಾಲಿಸಿಯಲ್ಲಿ ನಾಮಿನಿ ಯಾರು ಎಂದು ಮನೆಯವರಿಗೆ ಗೊತ್ತಿರಬೇಕು. ಇನ್ನೊಂದಿಷ್ಟು ಕಂತು ಕೊಟ್ಟರೆ ಜೊತೆಗೆ ಕೂರುವವರನ್ನೂ ಸೇರಿಸಬಹುದು. ಅಮೆರಿಕದ ಆ ವಿಮೆಗೆ ನಮ್ಮಲ್ಲಿ ಹತ್ತಿರದ್ದು ಎಂದರೆ ಇದೇ.

ಗಾಡಿಯ ಮೇಲೆ ಬಂಡವಾಳ ಹಾಕಿದವರು ಬರೀ ಥರ್ಡ್ ಪಾರ್ಟಿಯಲ್ಲಿ ನಿಲ್ಲಬಾರದು. 2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ಗಂಗಾವಳಿಗೆ ನೂಕಿತು. ಗುಡ್ಡ ಕುಸಿತದಿಂದ ಗಾಡಿಗೆ ಆಗುವ ನಷ್ಟ ಸೇರುವುದು ಪ್ಯಾಕೇಜ್ ಪಾಲಿಸಿಯಲ್ಲಿ. ಥರ್ಡ್ ಪಾರ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಹದಿನೆಂಟು ತುಂಬದ ಮಗನ ಕೈಗೆ ಕೀ ಕೊಡುವ ತಂದೆತಾಯಿಗಳಿಗೂ ಒಂದು ಮಾತು. 199ಎ ಕಲಮಿನಲ್ಲಿ ಅವರಿಗೇ ಮೂರು ವರ್ಷದ ತನಕ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿಯೂ ಹನ್ನೆರಡು ತಿಂಗಳು ರದ್ದಾಗುತ್ತದೆ.

ಯಾವ ಗಾಡಿಗೆ ವಿಮೆ ಇದೆ ಎಂದು ನೋಡಲು ಈಗ ಏಜೆಂಟರ ಮನೆಗೆ ಹೋಗಬೇಕಿಲ್ಲ. ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ವಿಮೆಯ ತಾರೀಖು ಕಾಣುತ್ತದೆ. ಹಳೇ ಬೈಕು ಕೊಳ್ಳುವವರು, ಬಾಡಿಗೆಗೆ ಗಾಡಿ ಹಿಡಿಯುವವರು, ಮಕ್ಕಳನ್ನು ಶಾಲೆಗೆ ರಿಕ್ಷಾದಲ್ಲಿ ಕಳಿಸುವವರು ಎರಡು ನಿಮಿಷ ಖರ್ಚು ಮಾಡಿ ನೋಡಬಹುದು.

ಕಡೆಗೆ ಮತ್ತೆ ಆ ಮೀನಿನ ಹೆಂಗಸಿನ ಮಾತು. ವಕೀಲರಿಗೆ ಕೊಡಲು ದುಡ್ಡೆಲ್ಲಿ ಎಂದು ಅವಳು ಮನೆಯಲ್ಲೇ ಉಳಿಯಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು. ಅವಳಿಗೆ ನಡೆಯಲು ಆಗದಿದ್ದರೆ ಬಸ್ಸಿನಲ್ಲಿ ಅವಳ ಪಕ್ಕ ಕೂರುತ್ತಿದ್ದವರು ಯಾರಾದರೂ ಅರ್ಜಿ ಬರೆಸಲು ಸಹಾಯ ಮಾಡಬಹುದು.

ಮತ್ತು ಮನೆಗೆ ಹೋದ ಕೂಡಲೇ ಓದುಗರು ಮಾಡಬೇಕಾದ ಕೆಲಸ ಒಂದೇ. ಸ್ವಂತ ಗಾಡಿಯ ಡಿಕ್ಕಿಯಲ್ಲೋ ಕಪಾಟಿನಲ್ಲೋ ಇರುವ ಆ ಕಾಗದ ತೆಗೆದು ತಾರೀಖು ನೋಡುವುದು. ತಾರೀಖು ದಾಟಿದ್ದರೆ ಕಟ್ಟುವ ತನಕ ಗಾಡಿ ಅಂಗಳದಲ್ಲೇ ಇರಲಿ. ಬೆಳಂಬಾರದಿಂದ ಪೇಟೆಗೆ ಬಸ್ಸು ಇದೆ.